ಕಂಪ್ಯೂಟರ್ ಎದ್ದಾಗ ದನಿಯೂ ಏಳಲಿ: ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡ್ ಡ್ರೈವರ್ ತಾನಾಗಿ ಲೋಡ್ ಆಗುವ ಬಗೆ

ಗುಂಜಹಳ್ಳಿಯ ನಮ್ಮ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಸೆಕೆಂಡ್ ಹ್ಯಾಂಡ್ ತಂದು ಲಿನಕ್ಸ್ ಹಾಕಿಕೊಂಡದ್ದು. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಅದರದು ಒಂದೇ ಗೋಳಾಗಿತ್ತು. ಯಂತ್ರ ಏಳುತ್ತಿತ್ತು, ಪರದೆ ಬೆಳಗುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. "ಕಾಕಾ, ಮತ್ತ ಸೌಂಡ್ ಬರವಲ್ದು" ಎಂದು ಮಕ್ಕಳು ಕೂಗುತ್ತಿದ್ದರು. ನಾನು ಹೋಗಿ ಒಂದು ಸಾಲು ಟೈಪ್ ಮಾಡಿದರೆ ದನಿ ಬರುತ್ತಿತ್ತು. ಮತ್ತೆ ಕರೆಂಟು ಹೋದರೆ ಮತ್ತೆ ಅದೇ ಕೆಲಸ.

ನಿಮ್ಮ ಮನೆಯಲ್ಲೂ ಹೀಗಾಗುತ್ತಿದ್ದರೆ ಗಾಬರಿ ಬೇಡ. ಕಾರ್ಡ್ ಕೆಟ್ಟಿರುವುದು ಅಪರೂಪ. ಹೊಸದು ಕೊಳ್ಳುವ ಅಗತ್ಯ ಬೀಳುವುದು ಇನ್ನೂ ಅಪರೂಪ. ಡ್ರೈವರ್ ತಾನಾಗಿ ಲೋಡ್ ಆಗುವ ದಾರಿ ಹೇಗಿದೆ, ಅದು ಎಲ್ಲಿ ತಡೆದಿದೆ ಎಂದು ತಿಳಿದರೆ ಸಾಕು. ಆ ದಾರಿಯನ್ನೇ ಇಲ್ಲಿ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಸೂಚನೆ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಫೋನಿನಲ್ಲಿ ಹೇಳುವಂತೆ ಒಂದೊಂದೇ ಅಕ್ಷರ ಬಿಡಿಸಿ ಬರೆದಿದ್ದೇನೆ. ಅವನ್ನು ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಿ, ಕೊನೆಗೆ ಎಂಟರ್ ಕೊಡಿ. "ಜಾಗ" ಎಂದರೆ ಸ್ಪೇಸ್ ಕೀಲಿ. "ಅಡ್ಡಗೆರೆ" ಎಂದರೆ ಹೈಫನ್. "ಅಡಿಗೆರೆ" ಎಂದರೆ ಅಕ್ಷರದ ಕೆಳಗೆ ಬರುವ ಗೆರೆ, ಅಂಡರ್‌ಸ್ಕೋರ್. "ಓರೆಗೆರೆ" ಎಂದರೆ ಸ್ಲ್ಯಾಶ್. "ಚುಕ್ಕಿ" ಎಂದರೆ ಡಾಟ್. ನಡುನಡುವೆ ಇರುವ ಅಲ್ಪವಿರಾಮಗಳನ್ನು ಒತ್ತಬೇಡಿ. ಆಜ್ಞೆಯ ಮೊದಲಿಗೆ "ಸುಡೊ", ಅಂದರೆ ಎಸ್ ಯು ಡಿ ಒ, ಬಂದರೆ ಕಂಪ್ಯೂಟರ್ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಅದು ಪರದೆಯ ಮೇಲೆ ಕಾಣುವುದಿಲ್ಲ. ಕಾಣದಿದ್ದರೂ ಪೂರ್ತಿ ಒತ್ತಿ ಎಂಟರ್ ಕೊಡಿ.

ಡ್ರೈವರ್ ಎಂದರೇನು?

ಸೌಂಡ್ ಕಾರ್ಡ್ ಎಂದರೆ ಕಂಪ್ಯೂಟರಿನ ಅಂಕಿಗಳನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಅಲೆಗಳಾಗಿ ಬದಲಿಸುವ ಭಾಗ. ಈಗ ಬಹುತೇಕ ಯಂತ್ರಗಳಲ್ಲಿ ಅದು ಬೇರೆ ಕಾರ್ಡ್ ಅಲ್ಲ, ಮದರ್‌ಬೋರ್ಡಿನ ಮೇಲೇ ಕೂತಿರುವ ಚಿಪ್ಪು. ಹೆಸರು ಮಾತ್ರ ಹಳೆಯದೇ ಉಳಿದಿದೆ.

ಡ್ರೈವರ್ ಎಂದರೆ ಆ ಚಿಪ್ಪಿನ ಭಾಷೆ ಬಲ್ಲ ಸಣ್ಣ ತಂತ್ರಾಂಶ. ಲಿನಕ್ಸ್‌ನಲ್ಲಿ ಇದನ್ನು ಸಾಮಾನ್ಯವಾಗಿ ಬೇರೆ ಸಿ.ಡಿ.ಯಿಂದ ಹಾಕಬೇಕಿಲ್ಲ. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಸಾವಿರಾರು ಡ್ರೈವರುಗಳನ್ನು ತನ್ನ ಜೊತೆಗೇ ತರುತ್ತದೆ. ಎಲ್ಲವನ್ನೂ ಒಮ್ಮೆಗೇ ಹೊತ್ತುಕೊಂಡರೆ ಮೆಮೊರಿ ಹಾಳು. ಆದ್ದರಿಂದ ಅವನ್ನು ಮಾಡ್ಯೂಲ್ ಎಂಬ ಬಿಡಿ ತುಂಡುಗಳಾಗಿ ಡಿಸ್ಕಿನಲ್ಲಿ ಇಟ್ಟಿರುತ್ತದೆ. ಬೇಕಾದದ್ದನ್ನು ಮಾತ್ರ ಎತ್ತಿ ಜೋಡಿಸಿಕೊಳ್ಳುತ್ತದೆ. ಹೀಗೆ ಜೋಡಿಸಿಕೊಳ್ಳುವುದಕ್ಕೆ "ಲೋಡ್" ಎನ್ನುತ್ತಾರೆ.

ದನಿಯ ಮಾಡ್ಯೂಲುಗಳೆಲ್ಲ ಅಲ್ಸಾ ಎಂಬ ವ್ಯವಸ್ಥೆಗೆ ಸೇರಿದವು. ಇದನ್ನು 1998ರಲ್ಲಿ ಆರಂಭಿಸಿದವರು ಯಾರೊಸ್ಲಾವ್ ಕಿಸೆಲಾ. ಗ್ರಾವಿಸ್ ಅಲ್ಟ್ರಾಸೌಂಡ್ ಎಂಬ ಒಂದೇ ಕಾರ್ಡಿಗಾಗಿ ಶುರುವಾದ ಕೆಲಸ ಅದು. 2002ರಲ್ಲಿ ಕರ್ನಲ್‌ನ ಒಳಗೆ ಬಂತು. 2003ರ ಡಿಸೆಂಬರಿನಲ್ಲಿ ಹೊರಬಂದ 2.6 ಆವೃತ್ತಿಯಿಂದ ಲಿನಕ್ಸ್‌ನ ಮುಖ್ಯ ದನಿ ವ್ಯವಸ್ಥೆಯಾಯಿತು. ಅಲ್ಸಾದ ಮಾಡ್ಯೂಲುಗಳ ಹೆಸರು "ಎಸ್ ಎನ್ ಡಿ" ಎಂಬ ಮೂರಕ್ಷರದಿಂದ ಶುರುವಾಗುತ್ತದೆ. ಇದೊಂದು ಗುರುತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಾನಾಗಿ ಲೋಡ್ ಆಗುವುದು ಹೇಗೆ?

ಇಂಥ ಚಿಪ್ಪಿಗೆ ಸಾಮಾನ್ಯವಾಗಿ ಎರಡು ಭಾಗದ ಒಂದು ನಂಬರ್ ಇರುತ್ತದೆ. ಮೊದಲ ಭಾಗ ತಯಾರಕರದು, ಎರಡನೆಯದು ಆ ಮಾದರಿಯದು. ಇಂಟೆಲ್ ಕಂಪನಿಯ ನಂಬರ್ 8086. ನಮ್ಮ ಮನೆಯ ಯಂತ್ರದ ದನಿ ಚಿಪ್ಪಿನ ಪೂರ್ತಿ ನಂಬರ್ 8086:27ಡಿ8. ಹಳೆಯ ಇಂಟೆಲ್ ಮದರ್‌ಬೋರ್ಡುಗಳಲ್ಲಿ ಇದು ಬಹಳ ಕಾಣುತ್ತದೆ.

ಕಂಪ್ಯೂಟರ್ ಏಳುವಾಗ ಕರ್ನಲ್ ಒಂದೊಂದೇ ಚಿಪ್ಪಿನ ನಂಬರ್ ಓದುತ್ತದೆ. "ಇಂಥ ನಂಬರಿನವರು ಬಂದಿದ್ದಾರೆ" ಎಂದು ಸುದ್ದಿ ಕೊಡುತ್ತದೆ. ಆ ಸುದ್ದಿ ಕೇಳಲೆಂದೇ ಯುಡೆವ್ ಎಂಬ ಸೇವೆ ಕಾದಿರುತ್ತದೆ. ಯಾವ ನಂಬರಿಗೆ ಯಾವ ಮಾಡ್ಯೂಲ್ ಎಂದು ಬರೆದ ದೊಡ್ಡ ಪಟ್ಟಿ ಡಿಸ್ಕಿನಲ್ಲಿದೆ, ಅದರ ಹೆಸರು ಮಾಡ್ಯೂಲ್ಸ್ ಅಲಿಯಾಸ್. ಪಟ್ಟಿಯಲ್ಲಿ ನಂಬರ್ ಸಿಕ್ಕಿತೆಂದರೆ ಯುಡೆವ್ ಆ ಮಾಡ್ಯೂಲನ್ನು ಲೋಡ್ ಮಾಡಿಸುತ್ತದೆ. ರೇಷನ್ ಅಂಗಡಿಯಲ್ಲಿ ಕಾರ್ಡಿನ ನಂಬರ್ ನೋಡಿ ಪಟ್ಟಿಯಲ್ಲಿ ಹೆಸರು ಹುಡುಕುವ ಹಾಗೆಯೇ.

ಅಂದರೆ ಸರಿಯಾಗಿರುವ ಲಿನಕ್ಸ್‌ನಲ್ಲಿ ನೀವು ಏನೂ ಮಾಡಬೇಕಿಲ್ಲ. ತಾನಾಗಿ ಆಗುವುದೇ ಅದರ ಸಹಜ ಗುಣ. ಆಗುತ್ತಿಲ್ಲ ಎಂದರೆ ಎಲ್ಲೋ ಒಂದು ಕಡೆ ತಡೆ ಇದೆ. ಆ ತಡೆ ತೆಗೆಯುವುದೇ ನಿಜವಾದ ದುರಸ್ತಿ. ತಡೆ ಹಾಗೇ ಬಿಟ್ಟು ಮೇಲೆ ಮೇಲೆ ಆಜ್ಞೆ ಸೇರಿಸುತ್ತ ಹೋದರೆ ಮುಂದಿನ ಅಪ್‌ಡೇಟ್ ಬಂದಾಗ ಇನ್ನಷ್ಟು ಗೋಜಲಾಗುತ್ತದೆ.

ಕಾಲುವೆಯ ಗುಂಟ ನಡೆಯಿರಿ

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹೊಲಕ್ಕೆ ನೀರು ಬರಲಿಲ್ಲವೆಂದು ಯಾರೂ ಹೊಲವನ್ನು ಅಗೆಯುವುದಿಲ್ಲ. ಕಾಲುವೆಯ ಗುಂಟ ನಡೆದು, ಎಲ್ಲಿಯವರೆಗೆ ನೀರು ಬಂದಿದೆ, ಯಾವ ಗೇಟಿನಲ್ಲಿ ನಿಂತಿದೆ ಎಂದು ನೋಡುತ್ತಾರೆ. ದನಿಗೂ ಹೀಗೇ ಗೇಟುಗಳಿವೆ. ಮೇಲಿನಿಂದ ನೋಡುತ್ತ ಬನ್ನಿ.

ಮೊದಲ ಆಜ್ಞೆ ಇದು:

ಎಲ್ ಎಸ್ ಪಿ ಸಿ ಐ, ಜಾಗ, ಅಡ್ಡಗೆರೆ, ಎನ್ ಎನ್ ಕೆ

ಮದರ್‌ಬೋರ್ಡಿಗೆ ಸೇರಿದ ಚಿಪ್ಪುಗಳ ಪಟ್ಟಿ ಬರುತ್ತದೆ. ಅದರಲ್ಲಿ "ಆಡಿಯೊ" ಎಂಬ ಪದವಿರುವ ಸಾಲು ಹುಡುಕಿ. ಅದರ ಕೆಳಗೆ ಎರಡು ಸಾಲು ಇರಬೇಕು. "ಕರ್ನಲ್ ಡ್ರೈವರ್ ಇನ್ ಯೂಸ್" ಎಂದರೆ ಈಗ ಕೆಲಸ ಮಾಡುತ್ತಿರುವ ಡ್ರೈವರ್. "ಕರ್ನಲ್ ಮಾಡ್ಯೂಲ್ಸ್" ಎಂದರೆ ಈ ಚಿಪ್ಪಿಗೆ ಹೊಂದುವ ಡ್ರೈವರ್. ಈ ಎರಡು ಸಾಲೇ ನಮ್ಮ ಗೇಜು. ಇಲ್ಲಿ ನಾಲ್ಕು ಬಗೆಯ ಉತ್ತರ ಸಿಗಬಹುದು.

ಒಂದು, ಆಡಿಯೊ ಸಾಲೇ ಇಲ್ಲ. ಹಾಗಿದ್ದರೆ ಲಿನಕ್ಸ್‌ಗೆ ಚಿಪ್ಪು ಕಂಡೇ ಇಲ್ಲ. ಕಂಪ್ಯೂಟರ್ ಏಳುವಾಗ ಬಯಾಸ್ ಮೆನುಗೆ ಹೋಗಿ. ಯಂತ್ರಕ್ಕೆ ತಕ್ಕಂತೆ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಬೇಕು. ಅಲ್ಲಿ "ಆನ್‌ಬೋರ್ಡ್ ಆಡಿಯೊ" ಎಂಬುದು ಡಿಸೇಬಲ್ ಆಗಿದ್ದರೆ ಎನೇಬಲ್ ಮಾಡಿ.

ಎರಡು, "ಮಾಡ್ಯೂಲ್ಸ್" ಸಾಲು ಇದೆ, "ಇನ್ ಯೂಸ್" ಸಾಲು ಇಲ್ಲ. ಡ್ರೈವರ್ ಮನೆಯಲ್ಲೇ ಇದೆ, ಕೆಲಸಕ್ಕೆ ಬಂದಿಲ್ಲ. ನಮ್ಮ ಮನೆಯ ಕಥೆ ಇದೇ ಆಗಿತ್ತು.

ಮೂರು, ಎರಡೂ ಸಾಲು ಇಲ್ಲ. ಈ ಕರ್ನಲ್ ಜೊತೆ ಆ ಡ್ರೈವರ್ ಬಂದೇ ಇಲ್ಲ.

ನಾಲ್ಕು, ಎರಡೂ ಸಾಲು ಇವೆ. ಡ್ರೈವರಿನಲ್ಲಿ ಹೆಚ್ಚಾಗಿ ದೋಷವಿಲ್ಲ. ತಡೆ ಇನ್ನೂ ಕೆಳಗಿದೆ.

"ನನ್ನ ಪಟ್ಟಿಯಲ್ಲಿ ಎರಡೆರಡು ಆಡಿಯೊ ಇವೆಯಲ್ಲ?" ಎಂದು ನೀವು ಕೇಳಬಹುದು. ಅದು ಸಹಜ. ಒಂದು ಸ್ಪೀಕರಿನದು, ಇನ್ನೊಂದು ಎಚ್‌ಡಿಎಂಐ ಕೇಬಲ್ ಮೂಲಕ ಟಿ.ವಿ.ಗೆ ಹೋಗುವ ದನಿಯದು.

ಕೈಯಿಂದ ಆಗುತ್ತದೆ, ತಾನಾಗಿ ಆಗುವುದಿಲ್ಲ

ಎರಡನೆಯ ಉತ್ತರ ಬಂದವರು ಮೊದಲು ಕೈಯಿಂದ ಲೋಡ್ ಮಾಡಿ ನೋಡಿ. 2004ರಲ್ಲಿ ಇಂಟೆಲ್ ತಂದ ಎಚ್‌ಡಿ ಆಡಿಯೊ ಪದ್ಧತಿಯೇ ಹೆಚ್ಚಿನ ಡೆಸ್ಕ್‌ಟಾಪ್, ಲ್ಯಾಪ್‌ಟಾಪುಗಳಲ್ಲಿದೆ. ಅದರ ಮಾಡ್ಯೂಲಿಗೆ ಆಜ್ಞೆ ಹೀಗೆ:

ಸುಡೊ, ಜಾಗ, ಎಂ ಒ ಡಿ ಪಿ ಆರ್ ಒ ಬಿ ಇ, ಜಾಗ, ಎಸ್ ಎನ್ ಡಿ, ಅಡಿಗೆರೆ, ಎಚ್ ಡಿ ಎ, ಅಡಿಗೆರೆ, ಐ ಎನ್ ಟಿ ಇ ಎಲ್

ಇದನ್ನು "ಮಾಡ್‌ಪ್ರೋಬ್" ಎನ್ನುತ್ತಾರೆ. ನಿಮ್ಮ ಪಟ್ಟಿಯಲ್ಲಿ ಬೇರೆ ಮಾಡ್ಯೂಲಿನ ಹೆಸರಿದ್ದರೆ ಅದನ್ನೇ ಹಾಕಿ. ಆಜ್ಞೆ ಕೊಟ್ಟ ಕೂಡಲೇ ದನಿ ಬಂತೇ? ಹಾಗಾದರೆ ಡ್ರೈವರ್ ಸರಿಯಿದೆ, ಚಿಪ್ಪೂ ಸರಿಯಿದೆ. ಯಾರೋ ಅದನ್ನು ತಡೆಪಟ್ಟಿಗೆ ಸೇರಿಸಿರುವ ಸಾಧ್ಯತೆಯೇ ಹೆಚ್ಚು.

ತಡೆಪಟ್ಟಿಗೆ ಲಿನಕ್ಸ್‌ನಲ್ಲಿ ಬ್ಲ್ಯಾಕ್‌ಲಿಸ್ಟ್ ಎನ್ನುತ್ತಾರೆ. ಅದರ ಗುಣವೇ ಹೀಗೆ: ನಂಬರ್ ನೋಡಿ ತಾನಾಗಿ ಲೋಡ್ ಆಗುವುದನ್ನು ಮಾತ್ರ ಅದು ತಡೆಯುತ್ತದೆ. ಹೆಸರು ಹೇಳಿ ಕೈಯಿಂದ ಕರೆದರೆ ತಡೆಯುವುದಿಲ್ಲ. ನಮ್ಮ ಯಂತ್ರದಲ್ಲೂ ಇಂಥ ಒಂದು ಸಾಲಿತ್ತು. ಹಿಂದೆ ಬಳಸಿದವರು ಯಾವುದೋ ಪರೀಕ್ಷೆಗೆಂದು ಸೇರಿಸಿ ತೆಗೆಯಲು ಮರೆತಿದ್ದರು.

ಹುಡುಕುವ ಆಜ್ಞೆ:

ಜಿ ಆರ್ ಇ ಪಿ, ಜಾಗ, ಅಡ್ಡಗೆರೆ, ಆರ್, ಜಾಗ, ಎಚ್ ಡಿ ಎ, ಜಾಗ, ಓರೆಗೆರೆ, ಇ ಟಿ ಸಿ, ಓರೆಗೆರೆ, ಎಂ ಒ ಡಿ ಪಿ ಆರ್ ಒ ಬಿ ಇ, ಚುಕ್ಕಿ, ಡಿ

ಎಚ್ ಡಿ ಎ ಎಂಬ ಅಕ್ಷರಗಳಿರುವ ಸಾಲುಗಳೂ ಅವು ಇರುವ ಕಡತದ ಹೆಸರೂ ಕಾಣುತ್ತವೆ. ಪೂರ್ತಿ ಹೆಸರು ಕೊಟ್ಟು ಹುಡುಕಬೇಡಿ. ಕೆಲವರು ಅಡಿಗೆರೆ ಹಾಕಿರುತ್ತಾರೆ, ಕೆಲವರು ಅಡ್ಡಗೆರೆ. ಲೋಡ್ ಮಾಡುವಾಗ ಲಿನಕ್ಸ್‌ಗೆ ಎರಡೂ ಒಂದೇ, ಹುಡುಕುವಾಗ ಬೇರೆ ಬೇರೆ.

"ಬ್ಲ್ಯಾಕ್‌ಲಿಸ್ಟ್" ಎಂದು ಶುರುವಾಗುವ ಸಾಲು ನಿಮ್ಮ ಮಾಡ್ಯೂಲಿನದೇ ಆಗಿದ್ದರೆ, ಆ ಕಡತವನ್ನು ಸುಡೊ ಜೊತೆ ನ್ಯಾನೊ ಎಂಬ ಎಡಿಟರಿನಲ್ಲಿ ತೆರೆಯಿರಿ. ಸಾಲನ್ನು ಅಳಿಸಬೇಡಿ, ಅದರ ಮುಂದೆ ಹ್ಯಾಶ್ ಗುರುತು ಹಾಕಿ. ಹ್ಯಾಶ್ ಇರುವ ಸಾಲನ್ನು ಲಿನಕ್ಸ್ ಓದುವುದಿಲ್ಲ. ಬೇಕೆಂದಾಗ ಮರಳಿ ತರಬಹುದು. ಕಂಟ್ರೋಲ್ ಮತ್ತು ಒ ಒತ್ತಿ ಎಂಟರ್ ಕೊಟ್ಟರೆ ಉಳಿಯುತ್ತದೆ. ಕಂಟ್ರೋಲ್ ಮತ್ತು ಎಕ್ಸ್ ಒತ್ತಿದರೆ ಹೊರಗೆ ಬರುತ್ತೀರಿ. "ಆಪ್ಶನ್ಸ್" ಎಂದು ಶುರುವಾಗುವ ಸಾಲುಗಳು ತಡೆಯಲ್ಲ, ಅವು ಬರೀ ಸೆಟ್ಟಿಂಗ್. ಅವನ್ನು ಮುಟ್ಟಬೇಡಿ.

ಉಬುಂಟು, ಡೆಬಿಯನ್, ಮಿಂಟ್ ಬಳಸುವವರು ಇನ್ನೊಂದು ಆಜ್ಞೆ ಕೊಡಿ:

ಸುಡೊ, ಜಾಗ, ಯು ಪಿ ಡಿ ಎ ಟಿ ಇ, ಅಡ್ಡಗೆರೆ, ಐ ಎನ್ ಐ ಟಿ ಆರ್ ಎ ಎಂ ಎಫ್ ಎಸ್, ಜಾಗ, ಅಡ್ಡಗೆರೆ, ಯು

ಕಂಪ್ಯೂಟರ್ ಏಳುವ ಮೊದಲ ಕ್ಷಣಗಳಲ್ಲಿ ಬಳಸುವ ಕಿರು ಕಟ್ಟಿನಲ್ಲೂ ತಡೆಪಟ್ಟಿಯ ಪ್ರತಿ ಇರುತ್ತದೆ. ಈ ಆಜ್ಞೆ ಅದನ್ನು ಹೊಸದು ಮಾಡುತ್ತದೆ. ಈಗ ರೀಸ್ಟಾರ್ಟ್ ಮಾಡಿ. ನಮ್ಮ ಯಂತ್ರಕ್ಕೆ ಇಷ್ಟರಲ್ಲೇ ಗುಣವಾಯಿತು.

ಒಂದು ಸಾಲಿನ ಕಡತ ಯಾವಾಗ ಬೇಕು?

"ಏಳುವಾಗ ಇದನ್ನು ಲೋಡ್ ಮಾಡು ಎಂದು ಬರೆದಿಡಲು ಬರುವುದಿಲ್ಲವೇ?" ಬರುತ್ತದೆ. ಇಟಿಸಿ ಎಂಬ ಫೋಲ್ಡರಿನಲ್ಲಿ ಮಾಡ್ಯೂಲ್ಸ್-ಲೋಡ್ ಚುಕ್ಕಿ ಡಿ ಎಂಬ ಒಳಫೋಲ್ಡರ್ ಇದೆ. ಅದರಲ್ಲಿ ಕಡತ ತೆರೆಯುವ ಆಜ್ಞೆ:

ಸುಡೊ, ಜಾಗ, ಎನ್ ಎ ಎನ್ ಒ, ಜಾಗ, ಓರೆಗೆರೆ, ಇ ಟಿ ಸಿ, ಓರೆಗೆರೆ, ಎಂ ಒ ಡಿ ಯು ಎಲ್ ಇ ಎಸ್, ಅಡ್ಡಗೆರೆ, ಎಲ್ ಒ ಎ ಡಿ, ಚುಕ್ಕಿ, ಡಿ, ಓರೆಗೆರೆ, ಎಸ್ ಒ ಯು ಎನ್ ಡಿ, ಚುಕ್ಕಿ, ಸಿ ಒ ಎನ್ ಎಫ್

ತೆರೆದ ಕಡತದಲ್ಲಿ ಮಾಡ್ಯೂಲಿನ ಹೆಸರಷ್ಟನ್ನೇ ಒಂದು ಸಾಲಿನಲ್ಲಿ ಬರೆಯಿರಿ. ಮಾಡ್‌ಪ್ರೋಬ್ ಎಂದಾಗಲಿ, ಸುಡೊ ಎಂದಾಗಲಿ ಬರೆಯಬೇಡಿ. ಉಳಿಸಿ, ರೀಸ್ಟಾರ್ಟ್ ಮಾಡಿ. ಸಿಸ್ಟಮ್‌ಡಿ ಎಂಬ ವ್ಯವಸ್ಥೆ ಪ್ರತಿ ಸಲ ಏಳುವಾಗ ಈ ಕಡತ ಓದಿ ಅದನ್ನು ಲೋಡ್ ಮಾಡುತ್ತದೆ.

ಇದು ನಿಜವಾಗಿ ಬೇಕಾಗುವುದು ತಮ್ಮ ನಂಬರ್ ತಾವೇ ಹೇಳಲಾರದ ಕಾರ್ಡುಗಳಿಗೆ. 1992ರ ಸೌಂಡ್ ಬ್ಲಾಸ್ಟರ್ 16ರ ಕಾಲದ ಕಾರ್ಡುಗಳಲ್ಲಿ ಹಲವು ಹಾಗಿದ್ದವು. ಹಳೆಯ ಲಿನಕ್ಸ್ ಪುಸ್ತಕಗಳಲ್ಲೆಲ್ಲ ಡ್ರೈವರಿನ ಹೆಸರು ಬರೆದಿಡಿ ಎಂದಿರುವುದು ಅದಕ್ಕೇ. ಈಗಿನ ಪಿಸಿಐ, ಯುಎಸ್‌ಬಿ ಸಾಧನಗಳು ನಂಬರ್ ತಾವೇ ಹೇಳುತ್ತವೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಬೋರ್ಡಿನ ದಾರಿ ಬೇರೆ. ಅದರ ಕಾನ್ಫಿಗ್ ಎಂಬ ಕಡತದಲ್ಲಿ ಆಡಿಯೊ ಸಾಲು "ಆನ್" ಇರಬೇಕು. ಪಿನ್ನುಗಳಿಗೆ ಹೊರಗಿನ ದನಿ ಬೋರ್ಡ್ ಕೂಡಿಸಿದ್ದರೆ ಅದರ ಹೆಸರಿನ ಓವರ್‌ಲೇ ಸಾಲೂ ಬೇಕು.

ಒಂದು ಎಚ್ಚರಿಕೆ. ಮಾಡ್ಯೂಲ್ ತಡೆಪಟ್ಟಿಯಲ್ಲಿದ್ದರೆ ಈ ಕಡತದಿಂದಲೂ ಲೋಡ್ ಆಗುವುದಿಲ್ಲ, ಸಿಸ್ಟಮ್‌ಡಿ ಆ ಪಟ್ಟಿಯನ್ನು ಗೌರವಿಸುತ್ತದೆ. ಬಹಳ ಜನ ಇಲ್ಲೇ ಸೋಲುತ್ತಾರೆ. ಕಡತ ಬರೆದು, ಕೆಲಸ ಮಾಡಲಿಲ್ಲವೆಂದು ಇಡೀ ಲಿನಕ್ಸನ್ನೇ ಮತ್ತೆ ಹಾಕುತ್ತಾರೆ. ಮೊದಲು ತಡೆ ನೋಡಿ, ಆಮೇಲೆ ಕಡತ.

ಕೈಯಿಂದಲೂ ಆಗದಿದ್ದರೆ?

"ಮಾಡ್ಯೂಲ್ ನಾಟ್ ಫೌಂಡ್" ಎಂದು ಬಂದರೆ, ಅಥವಾ ಮೊದಲ ಆಜ್ಞೆಗೆ ಮೂರನೆಯ ಉತ್ತರ ಬಂದಿದ್ದರೆ, ಡ್ರೈವರಿನ ಕಡತವೇ ಇಲ್ಲ. ಉಬುಂಟುವಿನಲ್ಲಿ ದನಿಯ ಹಲವು ಮಾಡ್ಯೂಲುಗಳು ಕರ್ನಲ್‌ನ "ಎಕ್ಸ್‌ಟ್ರಾ" ಎಂಬ ಬೇರೆ ಕಟ್ಟಿನಲ್ಲಿ, ಅಂದರೆ ಪ್ಯಾಕೇಜಿನಲ್ಲಿ, ಇರುತ್ತವೆ. ಅಪ್‌ಡೇಟ್ ನಡುವೆ ಕರೆಂಟು ಹೋಗಿ ಆ ಕಟ್ಟು ಬಿಟ್ಟುಹೋಗಿರಬಹುದು. ಇಂಟರ್‌ನೆಟ್ ಇರುವಾಗ ಹೀಗೆ ಕೊಡಿ:

ಸುಡೊ, ಜಾಗ, ಎ ಪಿ ಟಿ, ಜಾಗ, ಐ ಎನ್ ಎಸ್ ಟಿ ಎ ಎಲ್ ಎಲ್, ಜಾಗ, ಎಲ್ ಐ ಎನ್ ಯು ಎಕ್ಸ್, ಅಡ್ಡಗೆರೆ, ಜಿ ಇ ಎನ್ ಇ ಆರ್ ಐ ಸಿ

ಹೊಸ ಲ್ಯಾಪ್‌ಟಾಪ್ ಆಗಿದ್ದರೆ ಫರ್ಮ್‌ವೇರ್ ಕಡೆ ನೋಡಿ. ಫರ್ಮ್‌ವೇರ್ ಎಂದರೆ ಚಿಪ್ಪಿನ ಒಳಗೇ ಓಡುವ ತಂತ್ರಾಂಶ, ಅದನ್ನು ಡ್ರೈವರ್ ಹೊತ್ತು ತಂದು ಚಿಪ್ಪಿಗೆ ತುಂಬಬೇಕು. ಈಚಿನ ಹಲವು ಇಂಟೆಲ್ ಲ್ಯಾಪ್‌ಟಾಪುಗಳಿಗೆ "ಸೌಂಡ್ ಓಪನ್ ಫರ್ಮ್‌ವೇರ್" ಬೇಕು. ಉಬುಂಟುವಿನಲ್ಲಿ ಇದು ಲಿನಕ್ಸ್-ಫರ್ಮ್‌ವೇರ್ ಕಟ್ಟಿನ ಜೊತೆಗೇ ಬರುತ್ತದೆ. ಡೆಬಿಯನ್‌ನಲ್ಲಿ ಫರ್ಮ್‌ವೇರ್-ಸಾಫ್-ಸೈನ್ಡ್ ಎಂಬ ಬೇರೆ ಕಟ್ಟು. 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಇನ್‌ಸ್ಟಾಲ್ ಮಾಡುವ ಕಡತದಲ್ಲೇ ಸಿಗುತ್ತದೆ. ಅದಕ್ಕಿಂತ ಹಳೆಯದು ಹಾಕಿದವರಿಗೆ ತೊಂದರೆ ಆಗುವುದು ಇಲ್ಲೇ.

ಹೊರಗಿನಿಂದ ಡ್ರೈವರ್ ತಂದು ನೀವೇ ಕಟ್ಟಿದ್ದರೆ ಎರಡು ವಿಷಯ ನೋಡಿ. "ಸುಡೊ ಡೆಪ್‌ಮಾಡ್ ಅಡ್ಡಗೆರೆ ಎ" ಎಂಬ ಆಜ್ಞೆ ನಂಬರಿನ ಪಟ್ಟಿಯನ್ನು ಮತ್ತೆ ಬರೆಯುತ್ತದೆ. ಡೆಪ್‌ಮಾಡ್ ಎಂದರೆ ಡಿ ಇ ಪಿ ಎಂ ಒ ಡಿ. ಪಟ್ಟಿಯಲ್ಲಿ ಹೆಸರಿಲ್ಲದೆ ತಾನಾಗಿ ಲೋಡ್ ಆಗುವುದು ಸಾಧ್ಯವಿಲ್ಲ. ಎರಡನೆಯದು ಸೆಕ್ಯೂರ್ ಬೂಟ್. ಅದು ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲುಗಳನ್ನು ಉಬುಂಟು, ಡೆಬಿಯನ್, ಫೆಡೋರಾ ಒಳಗೆ ಬಿಡುವುದಿಲ್ಲ.

ಡ್ರೈವರ್ ಬಂತು, ದನಿ ಇಲ್ಲ

ನಾಲ್ಕನೆಯ ಉತ್ತರ ಬಂದವರು ಇಲ್ಲಿಂದ ನೋಡಿ. ಎ ಎಲ್ ಎಸ್ ಎ ಎಂ ಐ ಎಕ್ಸ್ ಇ ಆರ್ ಎಂದು ಒತ್ತಿ. ಅಲ್ಸಾಮಿಕ್ಸರ್ ತೆರೆಯುತ್ತದೆ. ಎಫ್6 ಒತ್ತಿ ನಿಮ್ಮ ಕಾರ್ಡ್ ಆರಿಸಿ. ಕಂಬಗಳ ಕೆಳಗೆ "ಎಂ ಎಂ" ಎಂದಿದ್ದರೆ ಬಾಯಿ ಮುಚ್ಚಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ತೆರೆಯುತ್ತದೆ. ಮಾಸ್ಟರ್, ಪಿಸಿಎಂ, ಸ್ಪೀಕರ್ ಮೂರನ್ನೂ ನೋಡಿ. "ಆಟೊ ಮ್ಯೂಟ್" ಎಂಬುದು ಇದ್ದರೆ ಅದನ್ನೂ ಆಫ್ ಮಾಡಿ ನೋಡಿ. ಹಳೆಯ ಡಬ್ಬಿಗಳಲ್ಲಿ ಮುಂಭಾಗದ ಜಾಕ್ ಸವೆದು, ಹೆಡ್‌ಫೋನ್ ಇಲ್ಲದಿದ್ದರೂ ಇದೆ ಎಂದೇ ಯಂತ್ರ ತಿಳಿಯುತ್ತದೆ.

ಇನ್ನೂ ಬರದಿದ್ದರೆ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ತೆರೆದು, ಔಟ್‌ಪುಟ್ ಎಂಬಲ್ಲಿ ಎಚ್‌ಡಿಎಂಐ ಬದಲು ಸ್ಪೀಕರ್ ಆರಿಸಿ. ಇದು ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೊ ಎಂಬ ಮೇಲಿನ ಪದರದ ಕೆಲಸ. ಅವು ದನಿಯನ್ನು ಯಾವ ಕಡೆ ಹರಿಸಬೇಕೆಂದು ನೋಡಿಕೊಳ್ಳುತ್ತವೆ, ಡ್ರೈವರ್ ಲೋಡ್ ಮಾಡುವುದಿಲ್ಲ.

ನಮ್ಮ ಊರುಗಳಿಗೆ ಮುಖ್ಯವಾದ ಮಾತೊಂದಿದೆ. ಅಲ್ಸಾ ತನ್ನ ಮಟ್ಟಗಳನ್ನು ಬರೆದಿಡುವುದು ಕಂಪ್ಯೂಟರನ್ನು ಕ್ರಮವಾಗಿ ಮುಚ್ಚುವಾಗ. ಕರೆಂಟು ಫಕ್ಕನೆ ಹೋದರೆ ಬರೆದಿಡಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಮಟ್ಟ ಸರಿಮಾಡಿದ ಕೂಡಲೇ ನೀವೇ ಬರೆಸಿ:

ಸುಡೊ, ಜಾಗ, ಎ ಎಲ್ ಎಸ್ ಎ ಸಿ ಟಿ ಎಲ್, ಜಾಗ, ಎಸ್ ಟಿ ಒ ಆರ್ ಇ

ಖರ್ಚು ಎಷ್ಟು, ಎಲ್ಲಿ ಸಿಗುತ್ತದೆ?

ಮೇಲಿನ ಯಾವುದಕ್ಕೂ ಹಣ ಬೇಕಿಲ್ಲ. ಡ್ರೈವರ್ ಉಚಿತ, ಲಿನಕ್ಸ್ ಉಚಿತ. ಖರ್ಚು ಇಂಟರ್‌ನೆಟ್ ಡೇಟಾದ್ದು ಮಾತ್ರ. ಹೊಸದಾಗಿ ಹಾಕುವುದಾದರೆ ಕೆಲವು ಜಿಬಿ ಬೇಕು. ಡೇಟಾ ಕಡಿಮೆ ಇದ್ದರೆ ಗೆಳೆಯರಿಂದ ಪೆನ್‌ಡ್ರೈವಿನಲ್ಲಿ ಪ್ರತಿ ತನ್ನಿ. ಅದು ಕಾನೂನಿಗೆ ಒಪ್ಪಿದ್ದೇ.

ಚಿಪ್ಪು ನಿಜಕ್ಕೂ ಸುಟ್ಟಿದ್ದರೂ ಮದರ್‌ಬೋರ್ಡ್ ಬದಲಿಸಬೇಡಿ. ರಾಯಚೂರು ನಗರದ ಕಂಪ್ಯೂಟರ್ ಅಂಗಡಿಗಳಲ್ಲಿ ಯುಎಸ್‌ಬಿ ಸೌಂಡ್ ಕಾರ್ಡ್ ಕೇಳಿ. ಹೆಬ್ಬೆರಳು ಗಾತ್ರದ್ದು, ಸಾದಾ ಮಾದರಿಗೆ ಕೆಲವು ನೂರು ರೂಪಾಯಿ ಸಾಕು. ದೇವದುರ್ಗ, ಮಾನ್ವಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಬಹುದು. ಯುಎಸ್‌ಬಿ ಆಡಿಯೊಗೆ ಒಂದು ಸಾಮಾನ್ಯ ಪದ್ಧತಿ ಇರುವುದರಿಂದ ಎಸ್‌ಎನ್‌ಡಿ ಯುಎಸ್‌ಬಿ ಆಡಿಯೊ ಎಂಬ ಒಂದೇ ಮಾಡ್ಯೂಲ್ ಹೆಚ್ಚಿನವನ್ನೆಲ್ಲ ನಡೆಸುತ್ತದೆ. ಚುಚ್ಚಿದ ಕೂಡಲೇ ತಾನಾಗಿ ಲೋಡ್ ಆಗುತ್ತದೆ. ಕೊಳ್ಳುವಾಗ "ಡ್ರೈವರ್ ಬೇಡದ್ದು ಕೊಡ್ರಿ" ಎಂದು ಹೇಳಿ.

ಇಷ್ಟೆಲ್ಲ ಯಾಕೆ ಬೇಕು?

ದಿನವೂ ಒಂದು ಸಾಲು ಟೈಪ್ ಮಾಡಿದರಾಯಿತಲ್ಲ ಎಂದು ಅನ್ನಿಸಬಹುದು. ನಾನೂ ಬಹಳ ದಿನ ಹಾಗೇ ಮಾಡಿದೆ. ಆದರೆ ಕಂಪ್ಯೂಟರ್ ಬರೀ ನನ್ನದಲ್ಲ. ನಮ್ಮ ಮನೆಯ ಮಕ್ಕಳು ಪಾಠ ಕೇಳುವುದು ಇದರಲ್ಲೇ. ಪಾಸ್‌ವರ್ಡ್ ಗೊತ್ತಿಲ್ಲದ ಮಗು ದನಿ ಇಲ್ಲದೆ ಕೂರಬಾರದು.

ಕಣ್ಣು ಕಾಣದವರಿಗಂತೂ ದನಿಯೇ ಪರದೆ. ಲಿನಕ್ಸ್‌ನಲ್ಲಿ ಆರ್ಕಾ ಎಂಬ ತಂತ್ರಾಂಶ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಡ್ರೈವರ್ ತಾನಾಗಿ ಬರದಿದ್ದರೆ, ಬಂದಿಲ್ಲ ಎಂದು ಅವರಿಗೆ ಹೇಳುವವರೇ ಇರುವುದಿಲ್ಲ. ಹಾಗಾಗಿ "ತಾನಾಗಿ" ಎಂಬ ಮಾತು ಕೆಲವರಿಗೆ ಬರೀ ಅನುಕೂಲವಲ್ಲ, ಯಂತ್ರದ ಬಾಗಿಲೇ ಅದು.

ಎಲ್ಲ ಮುಗಿದ ಮೇಲೆ ಪರೀಕ್ಷೆ ಕನ್ನಡದಲ್ಲೇ ಮಾಡಿ. ಈಸ್ಪೀಕ್ ಎನ್‌ಜಿ ಎಂಬ ಉಚಿತ ತಂತ್ರಾಂಶ ಕನ್ನಡ ಓದುತ್ತದೆ. ಅದನ್ನು ಹಾಕಿಕೊಂಡು ರೀಸ್ಟಾರ್ಟ್ ಮಾಡಿ. ಮಾಡ್‌ಪ್ರೋಬ್ ಮುಟ್ಟದೆ, ಹೀಗೆ ಒತ್ತಿ:

ಇ ಎಸ್ ಪಿ ಇ ಎ ಕೆ, ಅಡ್ಡಗೆರೆ, ಎನ್ ಜಿ, ಜಾಗ, ಅಡ್ಡಗೆರೆ, ವಿ, ಜಾಗ, ಕೆ ಎನ್, ಜಾಗ, ಆಮೇಲೆ ಕನ್ನಡದಲ್ಲಿ "ನಮಸ್ಕಾರ"

ದನಿ ಸ್ವಲ್ಪ ಯಂತ್ರದ ದನಿಯೇ. ಆದರೂ ಸ್ಪೀಕರಿನಿಂದ ಆ "ನಮಸ್ಕಾರ" ಕೇಳಿದರೆ ಚಿಪ್ಪು, ಡ್ರೈವರ್, ಮಟ್ಟ ಎಲ್ಲ ಗೇಟುಗಳೂ ತೆರೆದಿವೆ ಎಂದು ತಿಳಿಯಿರಿ. ಮೇಲಿನಿಂದ ಬಂದ ನೀರು ನಿಮ್ಮ ಹೊಲ ಮುಟ್ಟಿದೆ.